ಬಂಡೆ ಬಿರಿದ ಬೆಟ್ಟ

"ಅಮ್ಮಾ, ಕೈ ಇಲ್ಲಿಡು. ಅಲ್ಲಲ್ಲ, ಇಲ್ಲಿ, ಈ ಸಂದಿಯೊಳಗೆ!"

ಮಗಳು ನನ್ನ ಮುಂಗೈ ಹಿಡಿದೆಳೆದು ಎರಡು ಬಂಡೆಗಳ ನಡುವಿನ ಸೀಳಿಗೆ ತೂರಿಸಿದಳು. ಬೆನ್ನ ಮೇಲೆ ಸೆಪ್ಟೆಂಬರ್ ತಿಂಗಳ ಬಿಸಿಲು ಚುರುಗುಟ್ಟುತ್ತಿತ್ತು. ಸೀಳಿನೊಳಗೆ ಮಾತ್ರ ಮೂಲೆಯಲ್ಲಿಟ್ಟ ಮಣ್ಣಿನ ಹೂಜಿಯ ತಂಪು! ಬೆರಳ ತುದಿಗೆ ಪಾಚಿ ತಗುಲಿತು. ತಲೆಯೆತ್ತಿ ನೋಡಿದರೆ ಸೀಳು ಮೇಲೆ ಮೇಲೆ ಹೋಗುತ್ತಲೇ ಇತ್ತು, ತುತ್ತತುದಿಯಲ್ಲಿ ಆಕಾಶ ಒಂದು ನೀಲಿ ದಾರದಷ್ಟು. ಎಂಟು ನೂರು ವರ್ಷದ ಹಿಂದೆ ಒಬ್ಬ ಮನುಷ್ಯ ಇಂಥದ್ದೇ ಸೀಳಿನೊಳಗೆ ತೆವಳಿಕೊಂಡು ಹೋಗಿ, ತೇವದ ಕಲ್ಲಿನ ಮೇಲೆ ಮೈ ಚಾಚಿ ರಾತ್ರಿ ಕಳೆದಿದ್ದ. ಅವನ ಹೆಸರು ಫ್ರಾನ್ಸಿಸ್. ಅಸ್ಸಿಸಿಯ ಸಂತ ಫ್ರಾನ್ಸಿಸ್!

ಈ ಜಾಗದ ಹೆಸರು ಲಾ ವೆರ್ನಾ. ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ, ಕಸೆಂಟೀನೊ ಕಣಿವೆಯ ಮೇಲೆ, ಸಮುದ್ರಮಟ್ಟದಿಂದ 1,128 ಮೀಟರ್ ಎತ್ತರದಲ್ಲಿರುವ ಫ್ರಾನ್ಸಿಸ್ಕನ್ ಮಠ. ಅದರ ಬೆನ್ನಿಗೆ 1,283 ಮೀಟರಿನ ಪೆನ್ನಾ ಶಿಖರ. ಫ್ಲಾರೆನ್ಸ್, ಪೀಸಾ, ಸಿಯೆನಾ ಎಂದು ಓಡಾಡುವ ನಮ್ಮ ಜನ ಈ ಬೆಟ್ಟದ ಕಡೆ ತಿರುಗುವುದೇ ಕಡಿಮೆ. ಬೊಲೊನ್ಯಾದಲ್ಲಿ ಓದುತ್ತಿರುವ ಮಗಳು ಹಟ ಹಿಡಿಯದಿದ್ದರೆ ನಾನೂ ಬರುತ್ತಿರಲಿಲ್ಲ. ಬಂದೆನಲ್ಲ, ಅದೇ ನನ್ನ ಪುಣ್ಯ!

ಫ್ರಾನ್ಸಿಸ್ಕನ್ ಎಂಬ ಹೆಸರು ನಮ್ಮ ಕಡೆಯವರಿಗೆ ತೀರ ಹೊಸದಲ್ಲ. ಮಂಗಳೂರಿನಿಂದ ಬಿ.ಸಿ.ರೋಡಿನ ದಾರಿಯಲ್ಲಿ ಫರಂಗಿಪೇಟೆ ಸಿಗುತ್ತದೆ. ಅಲ್ಲಿ ನೇತ್ರಾವತಿಯ ಹತ್ತಿರ ಗುಡ್ಡದ ಮೇಲೆ ಮೊಂತೆ ಮರಿಯಾನೊ ಎಂಬ ಮಠವಿದೆ. ಪೋರ್ಚುಗೀಸರ ಕಾಲದಲ್ಲಿ ಬಂದ ಫ್ರಾನ್ಸಿಸ್ಕನ್ನರು ನೆಲೆ ಹೂಡಿದ್ದ ಜಾಗ ಅದು. ಈಗ ಅಲ್ಲಿರುವವರು ಅದೇ ಸಂತನ ಇನ್ನೊಂದು ಕವಲಾದ ಕಪುಚಿನ್ನರು. ಬಸ್ಸಿನ ಕಿಟಕಿಯಿಂದ ಆ ಗುಡ್ಡವನ್ನು ಎಷ್ಟು ಸಲ ನೋಡಿದ್ದೆನೋ! 'ಮೊಂತೆ' ಎಂದರೆ ಬೆಟ್ಟ ಎಂದು ಮಗಳು ಹೇಳಿದ್ದು ಲಾ ವೆರ್ನಾದ ದಾರಿಯಲ್ಲಿ. ಸಂತನ ಹೆಸರಿನ ಜೊತೆಗೆ ಬೆಟ್ಟವೂ ನಮ್ಮೂರ ತನಕ ನಡೆದು ಬಂದಿದೆ ಅನ್ನಿಸಿ ಮೈ ಜುಮ್ಮೆಂದಿತು.

ಅರೆಟ್ಸೊ ಪಟ್ಟಣದಿಂದ ಪುಟ್ಟ ರೈಲು. ಹೊಲ, ದ್ರಾಕ್ಷಿತೋಟ, ಹೊಳೆ ದಾಟಿ ಬಿಬ್ಬಿಯೆನಾ ಎಂಬ ಊರಿಗೆ ತಂದು ಬಿಡುತ್ತದೆ. ಅಲ್ಲಿಂದ ಬಸ್ಸು. ನಮ್ಮ ಚಾರ್ಮಾಡಿಯ ಹಾಗೆ ತಿರುವು, ಮತ್ತೆ ತಿರುವು. ಒಂದು ತಿರುವಿನಲ್ಲಿ ಕಾಡು ಸರಿದು ಬೆಟ್ಟ ಎದುರಿಗೆ ನಿಂತಾಗ ನನಗೆ ಮಾತೇ ಹೊರಡಲಿಲ್ಲ. ಸುತ್ತಲಿನ ಗುಡ್ಡಗಳೆಲ್ಲ ದುಂಡಗೆ, ಮೆತ್ತಗೆ, ಹುಲ್ಲು ಹೊದ್ದು ಮಲಗಿವೆ. ನಡುವೆ ಇದೊಂದು ಮಾತ್ರ ಕಡಿದಾದ ಕಲ್ಲಿನ ಗೋಡೆ! ಗೋಡೆಯ ಅಂಚಿಗೆ ಅಂಟಿಕೊಂಡಂತೆ ಮಠದ ಕಟ್ಟಡಗಳು. ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ.

ಬಸ್ಸು ಮೇಲಿನ ತನಕ ಹೋಗುವುದಾದರೂ ನಾವು ಕೆಳಗೆ, ಲಾ ಬೆಚ್ಚಾ ಎಂಬಲ್ಲಿಂದ ಹಳೆಯ ಕಲ್ಲುಹಾಸಿನ ದಾರಿ ಹಿಡಿದೆವು. ಮೊಣಕಾಲು ಗಟ್ಟಿಯಿರುವವರು ಹೀಗೇ ಹತ್ತಬೇಕು. ಸಂತ ಮೊದಲ ಸಲ ಈ ಬೆಟ್ಟಕ್ಕೆ ಬಂದಾಗ ಹಕ್ಕಿಗಳು ಗುಂಪುಗುಂಪಾಗಿ ಬಂದು, ತಲೆ, ಭುಜ, ಮಡಿಲ ಮೇಲೆಲ್ಲ ಕೂತು ಸ್ವಾಗತಿಸಿದವಂತೆ. ಅದರ ನೆನಪಿಗೆ ದಾರಿಯ ಬದಿಯಲ್ಲಿ ಚಿಕ್ಕದೊಂದು ಗುಡಿಯಿದೆ. ನಾವು ಅದರ ಕಟ್ಟೆಯ ಮೇಲೆ ಕೂತು ನೀರು ಕುಡಿದೆವು. ಎಲ್ಲೋ ಒಂದು ಹಕ್ಕಿ ಕೂಗಿತು. ಇಬ್ಬರೂ ಒಟ್ಟಿಗೇ ತಿರುಗಿ ನೋಡಿದೆವು!

ಈ ಬೆಟ್ಟ ಫ್ರಾನ್ಸಿಸನಿಗೆ ಸಿಕ್ಕಿದ ಬಗೆಯೇ ಒಂದು ಸೊಗಸಾದ ಕತೆ. 1213ರ ಮೇ ತಿಂಗಳು. ಸಾನ್ ಲಿಯೊ ಎಂಬ ಕೋಟೆಯಲ್ಲಿ ಒಬ್ಬ ಯುವಕನಿಗೆ ವೀರದೀಕ್ಷೆ ಕೊಡುವ ಸಂಭ್ರಮ. ಊಟ, ಹಾಡು, ಕುದುರೆ, ಜರಿಬಟ್ಟೆ. ಅದರ ನಡುವೆ ಬರಿಗಾಲಿನ ಈ ಮನುಷ್ಯ ಎದ್ದು ನಿಂತು ಮಾತಾಡಲು ಶುರು ಮಾಡಿದ. ಕೇಳುತ್ತಿದ್ದವರಲ್ಲಿ ಕಿಯೂಸಿಯ ಒಡೆಯ ಕೌಂಟ್ ಓರ್ಲಾಂಡೊ ಒಬ್ಬ. ಅವನಿಗೆ ಎದೆ ತುಂಬಿ ಬಂತು. ನನ್ನ ಹತ್ತಿರ ಒಂದು ಬೆಟ್ಟವಿದೆ, ಜನವಸತಿಯಿಲ್ಲ, ತಪಸ್ಸಿಗೆ ಹೇಳಿ ಮಾಡಿಸಿದ ಹಾಗಿದೆ, ತೆಗೆದುಕೋ ಎಂದ. ಆಸ್ತಿಯೇ ಬೇಡ ಎಂದು ಮೈಮೇಲಿನ ಬಟ್ಟೆಯನ್ನೂ ಅಪ್ಪನಿಗೆ ಹಿಂದಿರುಗಿಸಿ ಹೊರಟವನಿಗೆ ಒಂದು ಇಡೀ ಬೆಟ್ಟದ ಕೊಡುಗೆ! ಫ್ರಾನ್ಸಿಸ್ ಒಪ್ಪಿಕೊಂಡ, ಆದರೆ ಕಾಗದವಿಲ್ಲ, ಪತ್ರವಿಲ್ಲ, ಬರೀ ಬಾಯಿಮಾತು. ದಾನಪತ್ರ ಆದದ್ದು 1274ರಲ್ಲಿ, ಓರ್ಲಾಂಡೊನ ಮಕ್ಕಳ ಕೈಯಿಂದ. ಅರವತ್ತೊಂದು ವರ್ಷ ಈ ಬೆಟ್ಟ ನಿಂತದ್ದು ನಂಬಿಕೆಯ ಮೇಲೆ. ಜಮೀನಿನ ಗಡಿಕಲ್ಲಿಗಾಗಿ ತಲೆಮಾರುಗಟ್ಟಲೆ ಕೋರ್ಟು ಹತ್ತುವುದನ್ನು ಕಂಡ ನನಗೆ ಇದೂ ಒಂದು ಪವಾಡವೇ.

ಬೆಟ್ಟ ಯಾಕೆ ಹೀಗೆ ಸೀಳಿದೆ? ಫ್ರಾನ್ಸಿಸನಿಗೂ ಇದೇ ಪ್ರಶ್ನೆ ಎದ್ದಿತ್ತು. ಬಾಯ್ದೆರೆದ ಈ ಬಂಡೆಗಳನ್ನು ನೋಡಿ ಬೆರಗಾಗಿ ಪ್ರಾರ್ಥನೆಗೆ ಕೂತಾಗ, ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಗಳಿಗೆಯಲ್ಲಿ ಬಂಡೆಗಳು ಬಿರಿದವಲ್ಲ, ಆಗಲೇ ಇವೂ ಬಿರಿದದ್ದು ಎಂದು ಅವನಿಗೆ ಹೊಳೆಯಿತಂತೆ. ಭೂವಿಜ್ಞಾನಿಗಳ ಉತ್ತರ ಬೇರೆ. ಅದನ್ನು ಕೇಳಿದ ಮೇಲೆ ನನ್ನ ಬೆರಗು ಇಮ್ಮಡಿಯಾಯಿತು. ಈ ಬೆಟ್ಟದ ತಲೆ ಗಟ್ಟಿ ಸುಣ್ಣಕಲ್ಲಿನ ಜಾತಿಯ ದೊಡ್ಡ ಹಾಸುಬಂಡೆ. ಅದು ಕೂತಿರುವುದು ಮೆತ್ತನೆ ಜೇಡಿಮಣ್ಣಿನ ಮೇಲೆ! ಕೆಳಗಿನ ಜೇಡಿ ಭಾರಕ್ಕೆ ನಿಧಾನವಾಗಿ ಹೊರಕ್ಕೆ ಸರಿಯುತ್ತದೆ. ಮೇಲಿನ ಬಂಡೆಗೆ ಬಾಗಲು ಬರುವುದಿಲ್ಲ. ಬಿರಿಯುತ್ತದೆ, ಹೋಳಾಗುತ್ತದೆ, ಹೋಳುಗಳು ಒಂದರಿಂದೊಂದು ದೂರವಾಗುತ್ತವೆ. ನೆನೆದ ನೆಲದಲ್ಲಿ ಹಾಸಿದ ಚಪ್ಪಡಿ ಒಂದು ಮಳೆಗಾಲದಲ್ಲಿ ಎರಡಾಗುವುದನ್ನು ಯಾರು ಕಂಡಿಲ್ಲ? ಅದೇ ಕೆಲಸ ಇಲ್ಲಿ ಒಂದು ಬೆಟ್ಟದ ಅಳತೆಯಲ್ಲಿ, ಸಾವಿರಾರು ವರ್ಷಗಳ ನಿಧಾನದಲ್ಲಿ ನಡೆದಿದೆ. ಸುತ್ತಲಿನ ಗುಡ್ಡಗಳು ಮೆತ್ತಗಿರುವುದೂ, ಇದೊಂದು ಸೆಟೆದು ನಿಂತಿರುವುದೂ ಇದೇ ಕಾರಣಕ್ಕೆ. ಸಂತ ಹುಡುಕಿಕೊಂಡು ಬಂದದ್ದು ಗಾಯಗೊಂಡ ಬೆಟ್ಟವನ್ನು. ಈ ಒಂದು ಮಾತು ತಲೆಯಲ್ಲಿ ಕೂತ ಮೇಲೆ ನಾನು ಅಲ್ಲಿ ನೋಡಿದ್ದೆಲ್ಲ ಅದರ ಸುತ್ತಲೇ ತಿರುಗತೊಡಗಿತು.

ಮಠದ ಅಂಗಳದಿಂದ ಮೆಟ್ಟಿಲಿಳಿದೆವು. ಮೊದಲು ಎದುರಾಗುವುದು ಸಾಸ್ಸೊ ಸ್ಪಿಕ್ಕೊ. ಮನೆಯಷ್ಟು ದೊಡ್ಡ ಬಂಡೆ ಗೋಡೆಯಿಂದ ಕಳಚಿ ಮುಂದಕ್ಕೆ ಬಾಗಿ ನಿಂತಿದೆ. ಇನ್ನೇನು ಬಿತ್ತು, ಬಿತ್ತು ಅನ್ನಿಸುತ್ತದೆ, ಬೀಳುವುದಿಲ್ಲ! ಅದರಡಿಯಲ್ಲಿ ನಿಂತಾಗ ನನ್ನ ದನಿ ತಾನಾಗಿಯೇ ಪಿಸುಮಾತಾಯಿತು. ಸಂತ ರಾತ್ರಿ ಮೈ ಚಾಚುತ್ತಿದ್ದ ಗವಿಯೂ ಇಂಥದ್ದೇ ಬಂಡೆಗಳ ನಡುವೆ. ಗವಿಯ ನೆಲದಲ್ಲಿ ಒಂದು ಒರಟು ಕಲ್ಲು, ಮೇಲೆ ಕಬ್ಬಿಣದ ಜಾಲರಿ. ಸಂತನ ಹಾಸಿಗೆ ಎಂದರೆ ಇಷ್ಟೇ. ಜಾಲರಿಯ ಸಂದುಗಳಲ್ಲಿ ಯಾತ್ರಿಕರು ಸಿಕ್ಕಿಸಿ ಹೋದ ಪುಟ್ಟಪುಟ್ಟ ಶಿಲುಬೆಗಳು. ಬೆಳ್ಳಿಯದಲ್ಲ, ಮರದ ಕೆತ್ತನೆಯದೂ ಅಲ್ಲ. ಕಾಡಿನಲ್ಲಿ ಆರಿಸಿದ ಎರಡು ಕಡ್ಡಿ, ನಡುವೆ ಒಂದು ಕಟ್ಟು. ಬಗ್ಗಿ ಹತ್ತಿರದಿಂದ ನೋಡಿದೆ. ಒಂದನ್ನು ಹುಲ್ಲಿನಿಂದ ಕಟ್ಟಿದ್ದರು, ಒಂದನ್ನು ಶೂ ಲೇಸಿನ ತುಂಡಿನಿಂದ, ಇನ್ನೊಂದನ್ನು ಯಾವುದೋ ಮಗುವಿನ ರಿಬ್ಬನ್ನಿನಿಂದ. ಗವಿಯ ತೇವಕ್ಕೆ ಕಡ್ಡಿಗಳು ಕಪ್ಪಾಗಿ, ಕೆಲವು ಬಿದ್ದು ಮಣ್ಣಾಗುತ್ತಿದ್ದವು.

ಈಗ 1224ಕ್ಕೆ ಬರೋಣ. ಫ್ರಾನ್ಸಿಸನಿಗೆ ಸುಮಾರು ನಲವತ್ತೆರಡು ವರ್ಷ, ದೇಹ ಮಾತ್ರ ಮುದುಕನದು. 1219ರಲ್ಲಿ, ಶಿಲುಬೆಯ ಯುದ್ಧದ ನಡುವೆ, ಈಜಿಪ್ಟಿಗೆ ಹೋಗಿ ಸುಲ್ತಾನ ಅಲ್-ಕಾಮಿಲನ ಡೇರೆಗೇ ನಡೆದು ಮಾತಾಡಿ ಬಂದವನು ಇವನು. ಕತ್ತಿ ಹಿಡಿದವರ ನಡುವೆ ಬರಿಗೈಯಲ್ಲಿ! ಅಲ್ಲಿಂದ ಕಣ್ಣಿನ ಬೇನೆ ಹೊತ್ತು ಬಂದ. ತಾನೇ ಕಟ್ಟಿದ ಬಳಗ ಸಾವಿರಾರು ಜನರಿಗೆ ಬೆಳೆದಿತ್ತು. ಅದರ ಮುಂದಾಳುತನವನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದ. ಆ ವರ್ಷದ ಆಗಸ್ಟಿನಲ್ಲಿ ಕೆಲವೇ ಸಂಗಾತಿಗಳೊಂದಿಗೆ ಈ ಬೆಟ್ಟ ಹತ್ತಿದ. ಮರಿಯ ಮಾತೆಯ ಸ್ವರ್ಗಸ್ವೀಕಾರದ ಹಬ್ಬದಿಂದ ಸಂತ ಮಿಕಾಯೇಲನ ಹಬ್ಬದ ತನಕ, ನಲವತ್ತು ದಿನಗಳ ಉಪವಾಸ.

ಅದಕ್ಕೆ ಅವನು ಆರಿಸಿಕೊಂಡದ್ದು ಎಂಥ ಜಾಗ! ಉಳಿದವರ ಗುಡಿಸಲುಗಳಿಂದ ಆಚೆ, ಆಳವಾದ ಕೊರಕಲಿನ ಇನ್ನೊಂದು ಪಕ್ಕ. ಸಂಗಾತಿಗಳು ಕಷ್ಟಪಟ್ಟು ಒಂದು ಮರದ ದಿಮ್ಮಿಯನ್ನು ಅಡ್ಡ ಹಾಕಿ ಸಂಕ ಮಾಡಿದರು. ಮಲೆನಾಡಿನವರಿಗೆ ಸಂಕ ಎಂದರೆ ಗೊತ್ತು. ಇದು ಹಳ್ಳದ ಮೇಲಲ್ಲ, ಪಾತಾಳದ ಮೇಲಿನ ಸಂಕ. ಲಿಯೊ ಎಂಬ ಸೋದರನೊಬ್ಬನಿಗೆ ಮಾತ್ರ ದಾಟಲು ಅಪ್ಪಣೆ. ಹಗಲಲ್ಲಿ ಒಮ್ಮೆ ರೊಟ್ಟಿ, ನೀರು. ರಾತ್ರಿ ಪ್ರಾರ್ಥನೆಗೆ ಇನ್ನೊಮ್ಮೆ. ಸಂಕದ ಈ ತುದಿಯಲ್ಲಿ ನಿಂತು ಪ್ರಾರ್ಥನೆಯ ಮೊದಲ ಮಾತನ್ನು ಕೂಗಬೇಕು. ಆ ಕಡೆಯಿಂದ ಉತ್ತರ ಬಂದರೆ ದಾಟಬೇಕು, ಬರದಿದ್ದರೆ ಸದ್ದಿಲ್ಲದೆ ಹಿಂದಿರುಗಬೇಕು. ಹೊತ್ತು ತಿಳಿಸಲು ಗಡಿಯಾರವಿಲ್ಲ. ಗವಿಯ ಹತ್ತಿರ ಗೂಡು ಕಟ್ಟಿದ್ದ ಒಂದು ಡೇಗೆ ನಡುರಾತ್ರಿಯಲ್ಲಿ ರೆಕ್ಕೆ ಬಡಿದು, ಕೂಗಿ ಸಂತನನ್ನು ಎಬ್ಬಿಸುತ್ತಿತ್ತಂತೆ. ಅವನಿಗೆ ತೀರ ಆಯಾಸವಾದ ದಿನ ಅದೂ ತಡವಾಗಿ ಕೂಗುತ್ತಿತ್ತಂತೆ. ಈ ಮಾತು ಕೇಳಿದಾಗ ನನಗೆ ಅಳು ಬಂತು. ಹೊತ್ತಿಗೆ ಸರಿಯಾಗಿ ಎಬ್ಬಿಸುವ ಹಕ್ಕಿ ಇದ್ದೀತು. ಮಲಗಿದವನ ಮೈ ನೋಡಿ ತಡೆದು ನಿಲ್ಲುವ ಹಕ್ಕಿ!

ಸೆಪ್ಟೆಂಬರ್ ನಡುಭಾಗ, ಶಿಲುಬೆಯ ಹಬ್ಬದ ಹೊತ್ತು. ನಸುಕಿನಲ್ಲಿ ಪ್ರಾರ್ಥಿಸುತ್ತಿದ್ದಾಗ ಉರಿಯುವ ಆರು ರೆಕ್ಕೆಗಳ ದೇವದೂತನೊಬ್ಬ ಕೆಳಗಿಳಿದು ಬಂದ. ಆ ರೆಕ್ಕೆಗಳ ನಡುವೆ ಶಿಲುಬೆಗೇರಿದ ಮನುಷ್ಯನ ರೂಪ. ದರ್ಶನ ಮರೆಯಾದಾಗ ಫ್ರಾನ್ಸಿಸನ ಎರಡು ಕೈ, ಎರಡು ಪಾದ, ಪಕ್ಕೆಯಲ್ಲಿ ಗಾಯಗಳಿದ್ದವು. ಯೇಸುವಿನ ಪಂಚಗಾಯ. ಚರಿತ್ರೆಯಲ್ಲಿ ದಾಖಲಾದ ಇಂಥ ಮೊದಲ ಪ್ರಸಂಗ ಇದು ಎನ್ನುತ್ತಾರೆ. ಅವನು ಅದನ್ನು ಆದಷ್ಟೂ ಬಚ್ಚಿಟ್ಟ. ಕೈಗಳನ್ನು ತೋಳಿನೊಳಗೆ ಎಳೆದುಕೊಂಡ, ಪಾದ ಮುಚ್ಚಿಕೊಂಡ. ಎರಡು ವರ್ಷದ ಮೇಲೆ, 1226ರ ಅಕ್ಟೋಬರ್ 3ರಂದು, ಅಸ್ಸಿಸಿಯಲ್ಲಿ ತೀರಿಕೊಂಡ ಮೇಲೆಯೇ ಎಲ್ಲರೂ ಕಂಡದ್ದು.

ಆ ದಿನಗಳ ಒಂದು ಸಾಕ್ಷಿ ಇಂದಿಗೂ ಇದೆ. ಅಂಗೈಯಷ್ಟೇ ಅಗಲದ ಚರ್ಮದ ಹಾಳೆ! ಗಾಯವಾದ ಮೇಲೆ ಇದೇ ಬೆಟ್ಟದಲ್ಲಿ ಫ್ರಾನ್ಸಿಸ್ ತನ್ನ ಕೈಯಾರೆ ಒಂದು ಪಕ್ಕ ದೇವರ ಸ್ತುತಿ ಬರೆದ, ಇನ್ನೊಂದು ಪಕ್ಕ ಲಿಯೊನಿಗೆ ಆಶೀರ್ವಾದ. ಲಿಯೊ ಆಗ ಮನಸ್ಸಿನ ತಳಮಳದಲ್ಲಿದ್ದನಂತೆ. ಅವನು ಅದನ್ನು ಮಡಿಸಿ ಸಾಯುವ ತನಕ ಮೈಮೇಲೇ ಇಟ್ಟುಕೊಂಡಿದ್ದ. ಇದು ಯಾರು, ಯಾವಾಗ, ಎಲ್ಲಿ ಬರೆದದ್ದು ಎಂದು ಅದೇ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ತಾನೇ ಟಿಪ್ಪಣಿ ಬರೆದಿಟ್ಟ. ಈಗ ಅದು ಅಸ್ಸಿಸಿಯ ಬಸಿಲಿಕಾದಲ್ಲಿದೆ. ಚರ್ಮದಲ್ಲಿ ಮಡಿಕೆಯ ಗೆರೆಗಳು ಇನ್ನೂ ಕಾಣುತ್ತವೆ. ಬಂಡೆಯ ಸೀಳು, ಅಂಗೈಯ ಗಾಯ, ಹಾಳೆಯ ಮಡಿಕೆ! ನನಗೆ ಮೂರೂ ಒಂದೇ ಬರವಣಿಗೆಯ ಹಾಗೆ ಕಂಡವು.

ಗಾಯವಾದ ಜಾಗದಲ್ಲಿ 1263ರಲ್ಲಿ ಚಿಕ್ಕದೊಂದು ಪ್ರಾರ್ಥನಾಲಯ ಕಟ್ಟಿದರು. ನೆಲದಲ್ಲಿ ಆ ಸ್ಥಳದ ಗುರುತಿದೆ. ಬಂದವರು ಮಂಡಿಯೂರಿ ಮುಟ್ಟುತ್ತಾರೆ. ನಾನೂ ಮುಟ್ಟಿದೆ. ತಲೆಯೆತ್ತಿದರೆ, ಅಬ್ಬಾ! ಎದುರಿನ ಗೋಡೆಯನ್ನು ಆವರಿಸಿಕೊಂಡು ನೀಲಿ-ಬಿಳಿ ಬಣ್ಣದ ಶಿಲುಬೆಯ ದೃಶ್ಯ. ಇಡೀ ಶಿಲ್ಪವೂ ಸುಟ್ಟ ಮಣ್ಣಿನದು. ಹದಿನೈದನೇ ಶತಮಾನದ ಕೊನೆಯ ಭಾಗದಲ್ಲಿ ಫ್ಲಾರೆನ್ಸಿನ ಆಂಡ್ರಿಯಾ ದೆಲ್ಲಾ ರೊಬ್ಬಿಯಾ ಮಾಡಿದ್ದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಷ್ಟು ಮಂಜು, ಹಿಮ, ತೇವವಿರುವ ಬೆಟ್ಟದಲ್ಲಿ ಬಣ್ಣದ ಚಿತ್ರ ಬಾಳುವುದು ಕಷ್ಟ. ಆಂಡ್ರಿಯಾನ ಚಿಕ್ಕಪ್ಪ ಲೂಕಾ ಅದಕ್ಕೊಂದು ದಾರಿ ಕಂಡುಕೊಂಡಿದ್ದ. ಮಣ್ಣಿನಲ್ಲಿ ಉಬ್ಬುಶಿಲ್ಪ ಮಾಡಿ, ಒಮ್ಮೆ ಸುಟ್ಟು, ತವರ ಸೇರಿಸಿದ ಬಿಳಿ ಲೇಪ ಬಳಿದು ಮತ್ತೆ ಆವಿಗೆಗೆ ಹಾಕುವುದು. ಲೇಪ ಕರಗಿ ಗಾಜಾಗಿ ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಮತ್ತೆ ಮಾಸುವ ಮಾತೇ ಇಲ್ಲ! ಆದರೆ ಗೋಡೆಯಷ್ಟು ದೊಡ್ಡ ಮಣ್ಣಿನ ಹಲಗೆಯನ್ನು ಆವಿಗೆಯಲ್ಲಿಟ್ಟರೆ ಒಡೆದೀತು. ಅದಕ್ಕೇ ಮೊದಲೇ ತುಂಡು ತುಂಡಾಗಿ ಕತ್ತರಿಸಿ ಸುಟ್ಟು, ಬೆಟ್ಟಕ್ಕೆ ಹೊತ್ತು ತಂದು, ಗೋಡೆಯ ಮೇಲೆ ಒಂದೊಂದಾಗಿ ಜೋಡಿಸಿದರು. ಹತ್ತಿರ ಹೋಗಿ ನೋಡಿ: ಯೇಸುವಿನ ಮೈಯ ಮೇಲೆ, ದೇವದೂತರ ರೆಕ್ಕೆಗಳ ಮೇಲೆ, ನೀಲಿ ಆಕಾಶದಲ್ಲಿ, ಸಣ್ಣ ಸಣ್ಣ ಸಂದುಗೆರೆಗಳು. ದೂರದಿಂದ ಕಾಣುವುದಿಲ್ಲ. ಒಡೆದ ಬೆಟ್ಟದ ಮೇಲೆ, ತುಂಡುಗಳನ್ನು ಕೂಡಿಸಿದ ದೇವರು!

ದೊಡ್ಡ ಬಸಿಲಿಕಾದಲ್ಲಿ ಅದೇ ಆಂಡ್ರಿಯಾನ ಮಂಗಳವಾರ್ತೆಯ ದೃಶ್ಯವಿದೆ. ಮರಿಯಳ ಮುಂದೆ ಮೊಣಕಾಲೂರಿದ ದೇವದೂತ, ಇಬ್ಬರ ನಡುವೆ ಹೂದಾನಿಯಲ್ಲಿ ನೈದಿಲೆಯಷ್ಟು ಬೆಳ್ಳಗಿನ ಲಿಲಿ ಹೂಗಳು. ಅದನ್ನು ನೋಡದೆ ಯಾರೂ ಇಳಿಯಬಾರದು. ಬಸಿಲಿಕಾದ ಕೆಲಸ 1348ರಲ್ಲಿ ಶುರುವಾಗಿ 1509ರ ತನಕ ಹಿಡಿಯಿತು. ಅದಕ್ಕಿಂತ ನನಗೆ ಪ್ರಿಯವಾದದ್ದು ಪಕ್ಕದ ಪುಟ್ಟ ಸಾಂತಾ ಮರಿಯಾ ದೇಗುಲ. ಅದರ ಶುರು ಸಂತ ಬದುಕಿದ್ದಾಗಲೇ.

ಮಧ್ಯಾಹ್ನ ಮೂರಕ್ಕೆ ಗಂಟೆ ಬಾರಿಸಿತು. ಕಂದು ನಿಲುವಂಗಿಯ ಸನ್ಯಾಸಿಗಳು ಸಾಲಾಗಿ ಹೊರಟರು. ಸೊಂಟದಲ್ಲಿ ಬಿಳಿ ಹಗ್ಗ, ಅದರಲ್ಲಿ ಬಡತನ, ಬ್ರಹ್ಮಚರ್ಯ, ವಿಧೇಯತೆಯ ಮೂರು ಗಂಟು. ಹಾಡುತ್ತಾ, ಉದ್ದನೆಯ ಮುಚ್ಚಿದ ಓಣಿಯಲ್ಲಿ ನಡೆದು ಗಾಯವಾದ ಜಾಗದ ಪ್ರಾರ್ಥನಾಲಯಕ್ಕೆ. 1431ರಿಂದ ಈ ಮೆರವಣಿಗೆ ನಡೆದುಕೊಂಡು ಬಂದಿದೆ, ದಿನವೂ! ಮೊದಲು ಓಣಿ ಇರಲಿಲ್ಲ, ಬಯಲಲ್ಲೇ ಹೋಗಬೇಕಿತ್ತು. ಒಂದು ಸಲ ಹಿಮಗಾಳಿ ಜೋರಾಗಿ ಸನ್ಯಾಸಿಗಳು ಹೊರಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಹಿಮದ ಮೇಲೆ, ಪ್ರಾರ್ಥನಾಲಯದ ತನಕ, ಕಾಡುಪ್ರಾಣಿಗಳ ಹೆಜ್ಜೆಗುರುತು. ಮನುಷ್ಯರು ಬಿಟ್ಟ ಮೆರವಣಿಗೆಯನ್ನು ಅವು ನಡೆಸಿದ್ದವು! ಅದರ ಮೇಲೆ, ಹದಿನಾರನೇ ಶತಮಾನದ ಕೊನೆಗೆ, ಈ ಓಣಿ ಕಟ್ಟಿದರು ಎಂದು ಮಠದ ಕತೆ. ಗೋಡೆಯ ತುಂಬ ಸಂತನ ಬದುಕಿನ ಚಿತ್ರಗಳು. ನಾವು ಸಾಲಿನ ಕೊನೆಯಲ್ಲಿ ಸೇರಿಕೊಂಡೆವು. ಪಕ್ಕದಲ್ಲಿ ಊರುಗೋಲು ಹಿಡಿದ ಅಜ್ಜಿ, ಮುಂದೆ ಬೆನ್ನಿಗೆ ಚೀಲ ಹೊತ್ತ ಹುಡುಗರು. ಇಲ್ಲಿಂದ ಅಸ್ಸಿಸಿಗೆ ಕಾಲ್ನಡಿಗೆಯಲ್ಲಿ ಹೊರಟ ಯಾತ್ರಿಕರು ಅವರು. ಭಾಷೆ ಬಾರದ ನನಗೂ ಹಾಡಿನ ರಾಗ ಬಾಯಿಗೆ ಬಂತು. ಓಣಿಯ ನಡುವೆ ಒಂದು ಚಿಕ್ಕ ಬಾಗಿಲು, ಅದರಾಚೆ ಸಂತ ಮಲಗುತ್ತಿದ್ದ ಆ ಗವಿ, ಮತ್ತೆ ಅದೇ ತಂಪು.

ಸಂಜೆ ಅಂಗಳದ ಅಂಚಿನ ದೊಡ್ಡ ಮರದ ಶಿಲುಬೆಯ ಬಳಿ ಕೂತು ಕಣಿವೆ ನೋಡಿದೆವು. ಈ ಬೆಟ್ಟದ ಒಂದು ಕಡೆ ಆರ್ನೊ ನದಿಯ ಸೀಮೆ, ಇನ್ನೊಂದು ಕಡೆ ಟೈಬರ್ ನದಿಯದು. ಫ್ಲಾರೆನ್ಸಿನ ನೀರು, ರೋಮಿನ ನೀರು! ಡಾಂಟೆ ತನ್ನ ಮಹಾಕಾವ್ಯದಲ್ಲಿ ಈ ಬಂಡೆಯನ್ನು ಗುರುತಿಸುವುದೂ ಆ ಎರಡು ನದಿಗಳ ಹೆಸರು ಹೇಳಿಯೇ. ಅವನು 1289ರಲ್ಲಿ ಕಂಪಾಲ್ದೀನೊ ಯುದ್ಧದಲ್ಲಿ ಕಾದಾಡಿದ್ದು ಇದೇ ಕಸೆಂಟೀನೊ ಕಣಿವೆಯಲ್ಲಿ. ಇನ್ನು 1475ರಲ್ಲಿ ಮೈಕೆಲ್ಯಾಂಜೆಲೊ ಹುಟ್ಟಿದ ಕಪ್ರೇಸೆ ಊರು ಇಲ್ಲಿಗೆ ಹತ್ತಿರ. ಅವನ ತಂದೆ ಆಗ ಕಿಯೂಸಿ ಮತ್ತು ಕಪ್ರೇಸೆಯ ಅಧಿಕಾರಿಯಾಗಿದ್ದ. ಕಲ್ಲನ್ನು ಅಷ್ಟು ಬಲ್ಲವನು ಹುಟ್ಟಿದ್ದು ಇಂಥ ಕಲ್ಲಿನ ನೆರೆಯಲ್ಲಿ ಎಂದು ತಿಳಿದು ನಾನು ಎದ್ದೇ ನಿಂತುಬಿಟ್ಟೆ.

ಹೋಗುವವರಿಗೆ ಎರಡು ಮಾತು. ಒಳಗೆ ಹೋಗಲು ಟಿಕೆಟ್ ಇಲ್ಲ. ಕೆಳಗೆ ಸೆಕೆಯಿದ್ದರೂ ಮೇಲೆ ಚಳಿ, ಸ್ವೆಟರ್ ಇರಲಿ. ಮಂಜನ್ನು ನಂಬಬೇಡಿ: 2012ರ ಮೇ 13ರಂದು ಪೋಪ್ ಹದಿನಾರನೇ ಬೆನೆಡಿಕ್ಟರೇ ಹವಾಮಾನ ಕೆಟ್ಟು ಇಲ್ಲಿಗೆ ಬರಲಾಗದೆ ಹೋದರು. ಮೂರು ಗಂಟೆಯ ಮೆರವಣಿಗೆ ತಪ್ಪಿಸಿಕೊಳ್ಳಬೇಡಿ. ಸಾಧ್ಯವಾದರೆ ಮಠದ ಅತಿಥಿಗೃಹದಲ್ಲಿ ಒಂದು ರಾತ್ರಿ ಉಳಿಯಿರಿ. ಬಸ್ಸುಗಳೆಲ್ಲ ಇಳಿದುಹೋದ ಮೇಲೆ ಬೆಟ್ಟ ಬೇರೆಯೇ ಆಗುತ್ತದೆ.

ಬೆಳಿಗ್ಗೆ ಮುಂಚೆ ಎದ್ದು ಕಾಡಿಗೆ ಹೋದೆವು. ಸನ್ಯಾಸಿಗಳು ಶತಮಾನಗಳಿಂದ ಕಾಪಾಡಿಕೊಂಡು ಬಂದ ಕಾಡು. ದೇವರ ಕಾಡು ಎಂದರೆ ನಮಗೆ ಬೇರೆ ಹೇಳಬೇಕಾಗಿಲ್ಲ. ಈಗ ಇದು 1993ರಲ್ಲಿ ರೂಪುಗೊಂಡ ರಾಷ್ಟ್ರೀಯ ಉದ್ಯಾನದ ಭಾಗ. ಬೀಚ್ ಮರಗಳ ಬೂದುಬಣ್ಣದ ಕಾಂಡ, ಫರ್ ಮರಗಳ ಕತ್ತಲೆ, ಪಾಚಿ ಹೊದ್ದ ಹೋಳುಬಂಡೆಗಳು. ಒಂದು ಬೀಚ್ ಮರದ ಬೇರು ಬಂಡೆಯನ್ನು ಬೆರಳುಗಳಂತೆ ಬಳಸಿ ಹಿಡಿದು, ಸೀಳಿನೊಳಗೆ ಇಳಿದು, ಆಚೆ ಬದಿಯಿಂದ ಹೊರಗೆ ಬಂದಿತ್ತು. ಮಗಳು ಅದರ ಮುಂದೆ ತುಂಬ ಹೊತ್ತು ನಿಂತಳು. ಬಗ್ಗಿ ನೆಲದಿಂದ ಏನೋ ಆರಿಸಿಕೊಂಡಳು.

ಬಸ್ಸಿಗೆ ಇನ್ನು ಹತ್ತು ನಿಮಿಷವಿದೆ ಎನ್ನುವಾಗ, "ಅಮ್ಮ, ಒಂದ್ನಿಮಿಷ, ಈಗ ಬಂದೆ," ಎಂದು ಚೀಲವನ್ನು ನನ್ನ ಕಾಲ ಬಳಿ ಎಸೆದು ಮೆಟ್ಟಿಲ ಕಡೆ ಓಡಿದಳು.

ಏದುಸಿರು ಬಿಡುತ್ತಾ ಹಿಂದಿರುಗಿದಾಗ ಜಡೆ ಬಿಚ್ಚಿ ಕೂದಲೆಲ್ಲ ಹೆಗಲ ಮೇಲೆ ಹರಡಿಕೊಂಡಿತ್ತು. ಬೆಳಿಗ್ಗೆ ನಾನೇ ಹಾಕಿದ್ದ ಕೆಂಪು ಹೇರ್‌ಬ್ಯಾಂಡ್ ಇರಲಿಲ್ಲ. ಕೈಗೆ ಗವಿಯ ಕಪ್ಪು ತೇವ ಮೆತ್ತಿಕೊಂಡಿತ್ತು. ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ. ಬಸ್ಸು ಇಳಿಯತೊಡಗಿದಾಗ ಕಿಟಕಿಯ ಗಾಳಿಗೆ ಅವಳ ಕೂದಲು ನನ್ನ ಮುಖದ ತುಂಬ ಹಾರುತ್ತಿತ್ತು.